ವರೋಶಾ: ಬೇಲಿಯೊಳಗಿನ ಊರನ್ನು ಮತ್ತೆ ಕಟ್ಟುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೈಪ್ರಸ್ ದ್ವೀಪದ ಪೂರ್ವ ಕರಾವಳಿಯಲ್ಲಿ ಒಂದು ಊರು ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಖಾಲಿ ಬಿದ್ದಿದೆ. ಅದರ ಫೋಟೊಗಳು "ಭೂತಗಳ ಊರು" ಎಂಬ ಹೆಸರಲ್ಲಿ ಫೋನಿನಿಂದ ಫೋನಿಗೆ ಓಡಾಡುತ್ತವೆ. ಒಡೆದ ಕಿಟಕಿ, ಗೋಡೆ ಸೀಳಿ ಬೆಳೆದ ಗಿಡ, ಮರಳು ತುಂಬಿದ ಹೋಟೆಲ್. ನೋಡಿದವರು ಅಯ್ಯೋ ಎಂದು ಮುಂದೆ ಹೋಗುತ್ತಾರೆ. ಆದರೆ ಆ ಮನೆಗಳ ಯಜಮಾನರಲ್ಲಿ ಎಷ್ಟೋ ಜನ ಇನ್ನೂ ಬದುಕಿದ್ದಾರೆ. ಅವರ ಹತ್ತಿರ ಹಕ್ಕುಪತ್ರ ಇದೆ. ಕೆಲವರ ಹತ್ತಿರ ಬೀಗದ ಕೈ ಕೂಡ ಇದೆ. ಬೇಲಿಯ ಇನ್ನೊಂದು ಪಕ್ಕ ದಿನಾ ಬದುಕುತ್ತಿರುವ ಬೇರೆ ಜನರೂ ಇದ್ದಾರೆ. ಈ ಇಬ್ಬರನ್ನೂ ಬಿಟ್ಟು ಆ ಊರಿನ ಬಗ್ಗೆ ಮಾತಾಡಲು ಆಗುವುದಿಲ್ಲ. ಈ ವಿಷಯ ಬಂದಾಗಲೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ವರೋಶಾ ಎಂದರೆ ಒಂದು ಊರಾ, ಬಡಾವಣೆಯಾ?

ಫಾಮಗುಸ್ತಾ ಎಂಬ ಪಟ್ಟಣದ ದಕ್ಷಿಣ ಭಾಗ ಅದು. ಫಾಮಗುಸ್ತಾಕ್ಕೆ ಗ್ರೀಕರು ಅಮ್ಮೋಖೊಸ್ತೊಸ್ ಎನ್ನುತ್ತಾರೆ, ಮರಳಲ್ಲಿ ಅಡಗಿದ್ದು ಎಂದು ಅರ್ಥ. ತುರ್ಕರು ಗಾಜಿಮಾಉಸಾ ಎನ್ನುತ್ತಾರೆ. ವರೋಶಾಕ್ಕೆ ತುರ್ಕಿ ಹೆಸರು ಮರಾಶ್.

ಪಟ್ಟಣದ ಹಳೆಯ ಭಾಗಕ್ಕೆ ವೆನಿಸ್‌ನವರು ಕಟ್ಟಿದ ದಪ್ಪ ಕೋಟೆಗೋಡೆ ಇದೆ. 1571ರಲ್ಲಿ ಆಟೊಮನ್ ಸೈನ್ಯ ಅದನ್ನು ಗೆದ್ದಿತು. ಆಮೇಲೆ ಕ್ರೈಸ್ತರು ಗೋಡೆಯ ಆಚೆಗೆ ಹೋಗಿ ನೆಲೆಸಬೇಕಾಯಿತು. ಆ ಆಚೆಯ ಊರೇ ವರೋಶಾ. ಹೆಸರಿನ ಅರ್ಥವೂ ಹೊರಪೇಟೆ ಎಂದೇ. ಕಿತ್ತಳೆ ತೋಟ, ಬಾವಿಯಿಂದ ನೀರೆತ್ತುವ ಗಾಳಿಯಂತ್ರಗಳ ಊರಾಗಿ ಅದು ಬೆಳೆಯಿತು. 1960ರ ದಶಕದಲ್ಲಿ ಕಡಲ ದಂಡೆಯುದ್ದಕ್ಕೂ ಹೋಟೆಲ್‌ಗಳು ಎದ್ದವು. ಕೆನಡಿ ಅವೆನ್ಯೂ ಎಂಬ ರಸ್ತೆ ಯುರೋಪಿನ ಪ್ರವಾಸಿಗಳಿಗೆಲ್ಲ ಗೊತ್ತಿತ್ತು. ನಟಿ ಎಲಿಜಬೆತ್ ಟೇಲರ್ ಬಂದು ಉಳಿಯುತ್ತಿದ್ದದ್ದು ಆ ರಸ್ತೆಯ ಆರ್ಗೊ ಹೋಟೆಲಿನಲ್ಲಿ. ಪಕ್ಕದ ಬಂದರು ಆಗ ಇಡೀ ದ್ವೀಪಕ್ಕೆ ದೊಡ್ಡದು.

ಒಂದು ವಿಷಯವನ್ನು ಶುರುವಿನಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಗೋಡೆಯೊಳಗೆ ತುರ್ಕಿ ಮಾತಿನವರು, ಗೋಡೆಯ ಹೊರಗೆ ಗ್ರೀಕ್ ಮಾತಿನವರು, ನಡುವೆ ಒಂದೇ ಬಂದರು, ಒಂದೇ ಸಂತೆ. ಇದು ಎರಡು ಊರಲ್ಲ, ಒಂದೇ ಊರಿನ ಎರಡು ಭಾಗ.

1974ರಲ್ಲಿ ಏನಾಯಿತು?

ಸೈಪ್ರಸ್ ಬ್ರಿಟಿಷರಿಂದ ಸ್ವತಂತ್ರವಾದದ್ದು 1960ರಲ್ಲಿ. ಗ್ರೀಕ್ ಸೈಪ್ರಿಯಟ್ಟರು ಬಹುಸಂಖ್ಯಾತರು, ತುರ್ಕಿ ಸೈಪ್ರಿಯಟ್ಟರು ಸುಮಾರು ಐದರಲ್ಲಿ ಒಂದು ಪಾಲು. ಇಬ್ಬರೂ ಸೇರಿ ಆಳಬೇಕು ಎಂಬ ಸಂವಿಧಾನ ಮೂರೇ ವರ್ಷಕ್ಕೆ ಮುರಿದು ಬಿತ್ತು. 1963ರ ಡಿಸೆಂಬರಿನಲ್ಲಿ ಗಲಭೆ, ಕೊಲೆ ಶುರುವಾದವು. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂದಿಳಿಯಿತು. ಆ ಪಡೆ ಇವತ್ತಿಗೂ ಅಲ್ಲೇ ಇದೆ.

1974ರ ಜುಲೈ 15ರಂದು ಗ್ರೀಸಿನ ಸೇನಾ ಆಡಳಿತದ ಬೆಂಬಲದಿಂದ ಅಧ್ಯಕ್ಷ ಮಕಾರಿಯೊಸ್ ವಿರುದ್ಧ ದಂಗೆ ನಡೆಯಿತು. ದ್ವೀಪವನ್ನು ಗ್ರೀಸಿಗೆ ಸೇರಿಸಬೇಕು ಎಂಬುದು ದಂಗೆಕೋರರ ಆಸೆ. ಐದು ದಿನಕ್ಕೆ, ಜುಲೈ 20ರಂದು, ತುರ್ಕಿಯ ಸೈನ್ಯ ಉತ್ತರದ ದಂಡೆಯಲ್ಲಿ ಇಳಿಯಿತು. ಆಗಸ್ಟ್ 14ರಂದು ಎರಡನೇ ದಾಳಿ ಶುರುವಾಯಿತು. ವರೋಶಾದ ಜನ ಕಾರು, ಟ್ರ್ಯಾಕ್ಟರ್, ಬಸ್ಸು ಏನು ಸಿಕ್ಕಿತೊ ಅದನ್ನು ಹತ್ತಿ ದಕ್ಷಿಣಕ್ಕೆ ಓಡಿದರು. ನಾಲ್ಕು ದಿನ ಬಿಟ್ಟು ವಾಪಸ್ ಬರುತ್ತೇವೆ ಎಂದುಕೊಂಡಿದ್ದರು. ಹಾಗಾಗಿ ಒಲೆಯ ಮೇಲಿನ ಪಾತ್ರೆ, ಆಲ್ಬಮ್, ಮದುವೆ ಬಟ್ಟೆ ಎಲ್ಲವೂ ಅಲ್ಲೇ ಉಳಿದವು. ಸುಮಾರು ನಲವತ್ತು ಸಾವಿರ ಜನರ ಪಟ್ಟಣ ಒಂದೆರಡು ದಿನದಲ್ಲಿ ಖಾಲಿಯಾಯಿತು. ಅಂದಿನಿಂದ ದ್ವೀಪದ ಉತ್ತರ ಭಾಗ ತುರ್ಕಿಯ ಸೈನ್ಯದ ಹಿಡಿತದಲ್ಲಿದೆ, ದಕ್ಷಿಣ ಭಾಗ ಸೈಪ್ರಸ್ ಸರ್ಕಾರದ ಕೈಯಲ್ಲಿದೆ.

ತಪ್ಪು ಯಾರದು?

ಪ್ರತಿ ಸಲ ಈ ಪ್ರಶ್ನೆ ಬರುತ್ತದೆ. ಕೇಳುವುದು ಸಹಜ, ಅಲ್ವಾ? ಆದರೆ ಒಂದೇ ವಾಕ್ಯದಲ್ಲಿ ಉತ್ತರ ಹೇಳುವವರನ್ನು ನಂಬಬೇಡಿ.

1974ರಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಗ್ರೀಕ್ ಸೈಪ್ರಿಯಟ್ಟರು ಮನೆ ಕಳೆದುಕೊಂಡರು. ಅದೇ ಹೊತ್ತಿನಲ್ಲಿ ದಕ್ಷಿಣದಲ್ಲಿದ್ದ ನಲವತ್ತು ಸಾವಿರಕ್ಕೂ ಜಾಸ್ತಿ ತುರ್ಕಿ ಸೈಪ್ರಿಯಟ್ಟರು ತಮ್ಮ ಮನೆ ಬಿಟ್ಟು ಉತ್ತರಕ್ಕೆ ಹೋದರು. ಆ ಬೇಸಿಗೆಯಲ್ಲಿ ಫಾಮಗುಸ್ತಾದ ಕೋಟೆಯೊಳಗೆ ತುರ್ಕಿ ಸೈಪ್ರಿಯಟ್ಟರು ಮುತ್ತಿಗೆಗೆ ಸಿಕ್ಕಿ ವಾರಗಟ್ಟಲೆ ಕೂತಿದ್ದರು. ಪಟ್ಟಣಕ್ಕೆ ಹತ್ತಿರದ ಮರಾಥಾ, ಸಾಂತಲಾರಿಸ್, ಅಲೋಡಾ ಎಂಬ ಹಳ್ಳಿಗಳಲ್ಲಿ 126 ತುರ್ಕಿ ಸೈಪ್ರಿಯಟ್ಟರನ್ನು ಗ್ರೀಕ್ ಸೈಪ್ರಿಯಟ್ ಬಂದೂಕುಧಾರಿಗಳು ಕೊಂದರು. ಸತ್ತವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. ಎರಡೂ ಕಡೆಯಿಂದ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕ್ ಸೈಪ್ರಿಯಟ್ಟರು, 492 ತುರ್ಕಿ ಸೈಪ್ರಿಯಟ್ಟರು. ಎರಡೂ ಸಮುದಾಯದ ತರುಣ ವಿಜ್ಞಾನಿಗಳು ಒಟ್ಟಿಗೆ ನೆಲ ಅಗೆದು, ಮೂಳೆಗಳನ್ನು ಗುರುತು ಹಿಡಿದು, ಮನೆಯವರಿಗೆ ಒಪ್ಪಿಸುತ್ತಿದ್ದಾರೆ. ಸಾವಿರಕ್ಕೂ ಜಾಸ್ತಿ ಜನರನ್ನು ಹೀಗೆ ಗುರುತಿಸಿದ್ದಾರೆ.

ಊರು ಕಟ್ಟುವ ಮಾತಿಗೆ ಇದೆಲ್ಲ ಯಾಕೆ ಬೇಕು ಎನ್ನಬಹುದು. ಹಂಚಿಕೊಂಡು ಬದುಕಿ ಎಂದು ಹೇಳುವ ಮೊದಲು ಎರಡೂ ಮನೆಯ ಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಬ್ಬರ ಸಾವನ್ನು ಬಿಟ್ಟರೂ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ಗೆದ್ದ ಊರಲ್ಲಿ ಜನರನ್ನು ತುಂಬಿಸದೆ ಬೇಲಿ ಹಾಕಿದ್ದು ಯಾಕೆ?

ಚೌಕಾಸಿಗೆ. ಉತ್ತರದ ಬೇರೆ ಊರುಗಳಲ್ಲಿ ತುರ್ಕಿ ಸೈಪ್ರಿಯಟ್ಟರೂ ತುರ್ಕಿಯಿಂದ ಬಂದವರೂ ನೆಲೆಸಿದರು. ವರೋಶಾದ ಒಂದು ಭಾಗದಲ್ಲೂ ಜನ ಇದ್ದಾರೆ. ಆದರೆ ಕಡಲ ಬದಿಯ ಸುಮಾರು ಆರು ಚದರ ಕಿಲೋಮೀಟರ್ ಜಾಗಕ್ಕೆ ತುರ್ಕಿಯ ಸೈನ್ಯ ಮುಳ್ಳುತಂತಿ ಸುತ್ತಿತು. ಮುಂದೆ ಮಾತುಕತೆಯಲ್ಲಿ ಇದನ್ನು ಕೊಟ್ಟು ಬೇರೇನಾದರೂ ಪಡೆಯಬಹುದು ಎಂಬ ಲೆಕ್ಕ. ಆ ಲೆಕ್ಕದಲ್ಲೇ ಅರ್ಧ ಶತಮಾನ ಹೋಯಿತು. ಮೊದಲ ವರ್ಷಗಳಲ್ಲಿ ಫ್ರಿಜ್ಜು, ಪೀಠೋಪಕರಣ, ಬಾಗಿಲು ಕಿಟಕಿ ಎಲ್ಲ ಲೂಟಿ ಹೋದವು. ಉಳಿದದ್ದನ್ನು ಉಪ್ಪು ಗಾಳಿ ತಿಂದಿತು.

ವಿಶ್ವಸಂಸ್ಥೆ ಏನು ಹೇಳಿದೆ?

1984ರ ಭದ್ರತಾ ಮಂಡಳಿಯ 550ನೇ ನಿರ್ಣಯ ಸ್ಪಷ್ಟವಾಗಿದೆ. ವರೋಶಾದ ಯಾವ ಭಾಗದಲ್ಲೂ ಅಲ್ಲಿಯ ಮೂಲ ನಿವಾಸಿಗಳನ್ನು ಬಿಟ್ಟು ಬೇರೆಯವರು ನೆಲೆಸುವುದನ್ನು ಒಪ್ಪಲಾಗದು, ಆ ಜಾಗವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ಒಪ್ಪಿಸಬೇಕು ಎಂದು ಅದು ಹೇಳುತ್ತದೆ. 1992ರ 789ನೇ ನಿರ್ಣಯದಲ್ಲೂ ವರೋಶಾದ ಮಾತಿದೆ. ಅದಕ್ಕೂ ಮೊದಲು, 1979ರಲ್ಲಿ, ಎರಡೂ ಸಮುದಾಯದ ನಾಯಕರು ಕುಳಿತು ಹತ್ತು ಅಂಶಗಳ ಒಪ್ಪಂದ ಮಾಡಿಕೊಂಡಿದ್ದರು. ವರೋಶಾದ ಪುನರ್ವಸತಿಗೆ ಮೊದಲ ಆದ್ಯತೆ ಎಂದು ಅದರಲ್ಲಿ ಬರೆದಿತ್ತು. ಕಾಗದ ಇದೆ, ಸಹಿ ಇದೆ. ಜಾರಿ ಆಗಲಿಲ್ಲ.

ಒಪ್ಪಂದಕ್ಕೆ ತೀರಾ ಹತ್ತಿರ ಬಂದದ್ದು ಯಾವಾಗ?

2004ರಲ್ಲಿ. ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಯೋಜನೆಯ ಪ್ರಕಾರ ವರೋಶಾ ಅದರ ಯಜಮಾನರಿಗೆ ವಾಪಸ್ ಸಿಗುತ್ತಿತ್ತು. ಏಪ್ರಿಲ್ 24ರಂದು ಎರಡೂ ಕಡೆ ಬೇರೆ ಬೇರೆಯಾಗಿ ಜನಮತ ತೆಗೆದುಕೊಂಡರು. ತುರ್ಕಿ ಸೈಪ್ರಿಯಟ್ಟರಲ್ಲಿ ಶೇ. 65ರಷ್ಟು ಜನ ಹೌದು ಎಂದರು. ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇ. 76ರಷ್ಟು ಜನ ಬೇಡ ಎಂದರು. ತುರ್ಕಿಯ ಸೈನ್ಯ ಪೂರ್ತಿ ಹೋಗುವುದಿಲ್ಲ, ಎಲ್ಲರಿಗೂ ಆಸ್ತಿ ಪೂರ್ತಿ ಸಿಗುವುದಿಲ್ಲ ಎಂಬ ಭಯ ಅವರದು. ಒಂದು ವಾರಕ್ಕೆ, ಮೇ 1ರಂದು, ಸೈಪ್ರಸ್ ಯುರೋಪಿಯನ್ ಒಕ್ಕೂಟ ಸೇರಿತು. ದ್ವೀಪ ಇನ್ನೂ ಒಡೆದೇ ಇತ್ತು. ಹೌದು ಎಂದ ತುರ್ಕಿ ಸೈಪ್ರಿಯಟ್ಟರು ಹೊರಗೇ ಉಳಿದ ಹಾಗಾಯಿತು. ಆ ನೋವು ಅವರಲ್ಲಿ ಇನ್ನೂ ಇದೆ. ಆಮೇಲೆ 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ನಡೆದ ಮಾತುಕತೆಯೂ ಮುರಿಯಿತು.

2020ರಲ್ಲಿ ವರೋಶಾ ತೆರೆದರಂತಲ್ಲ?

ಒಂದು ಭಾಗ ಮಾತ್ರ. 2020ರ ಅಕ್ಟೋಬರ್ 8ರಂದು ಕಡಲ ದಂಡೆಯನ್ನೂ ಕೆಲವು ಮುಖ್ಯ ರಸ್ತೆಗಳನ್ನೂ ತುರ್ಕಿ ಸೈಪ್ರಿಯಟ್ ಆಡಳಿತ ತೆರೆಯಿತು. ಹೊಸ ಡಾಂಬರು ಹಾಕಿದರು. ಬಾಡಿಗೆಗೆ ಸೈಕಲ್ ಇಟ್ಟರು. ಕಟ್ಟಡಗಳಿಗೆ ಹಗ್ಗ ಕಟ್ಟಿ, ಒಳಗೆ ಹೋಗಬಾರದು ಎಂದು ಬೋರ್ಡು ಹಾಕಿದರು. 2021ರ ಜುಲೈನಲ್ಲಿ ಬೇಲಿಯೊಳಗಿನ ಜಾಗದ ಶೇ. 3.5ರಷ್ಟನ್ನು ಸೈನ್ಯದ ಹಿಡಿತದಿಂದ ಬಿಡಿಸುತ್ತೇವೆ ಎಂದು ಘೋಷಿಸಿದರು. ಭದ್ರತಾ ಮಂಡಳಿ ಅದನ್ನು ಖಂಡಿಸಿತು.

ನನ್ನನ್ನು ತುಂಬಾ ಕಾಡುವುದು ಇದು: 46 ವರ್ಷ ಆದ ಮೇಲೆ ಒಬ್ಬ ಅಜ್ಜಿ ತನ್ನ ಮನೆಯ ಮುಂದಿನ ರಸ್ತೆಗೆ ಬಂದು ನಿಲ್ಲಬಹುದು. ಗೇಟು ಕಾಣುತ್ತದೆ. ಅಂಗಳದಲ್ಲಿ ಪಾಪಾಸುಕಳ್ಳಿ ಬೆಳೆದದ್ದೂ ಕಾಣುತ್ತದೆ. ಹಗ್ಗ ದಾಟುವ ಹಾಗಿಲ್ಲ. ಪಕ್ಕದಲ್ಲಿ ಪ್ರವಾಸಿಗಳು ಅದೇ ಗೇಟಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಯಜಮಾನರನ್ನು ಕೇಳದೆ ತೆರೆದ ಊರು ಅವರಿಗೆ ಇನ್ನೊಂದು ಥರ ಮುಚ್ಚಿದ ಹಾಗೆಯೇ.

ಹಳೆ ಕಟ್ಟಡಗಳನ್ನು ರಿಪೇರಿ ಮಾಡಿ ಬಳಸಬಹುದಾ?

ಬಹಳಷ್ಟನ್ನು ಕೆಡವಲೇಬೇಕಾಗುತ್ತದೆ. ಕಡಲ ಪಕ್ಕದ ಕಾಂಕ್ರೀಟಿನೊಳಗೆ ಉಪ್ಪು ಇಳಿದರೆ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿಕೊಳ್ಳುತ್ತದೆ. ಊದಿದ ಸರಳು ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ನಮ್ಮ ಮಂಗಳೂರು, ಕಾರವಾರದ ಕಡೆ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐವತ್ತು ವರ್ಷ ಯಾರೂ ನೋಡಿಕೊಳ್ಳದಿದ್ದರೆ ಪಿಲ್ಲರಿನ ಗತಿ ಏನಾಗಿರಬೇಡ? ಒಳಗೆ ಬೆಳೆದ ಮರದ ಬೇರು ಬೇರೆ. ಹಳೆ ಕಾಲದ ಕಲ್ಲಿನ ಮನೆಗಳು, ಚರ್ಚುಗಳು, ಕೆಲವು ಶಾಲೆಗಳನ್ನು ಉಳಿಸಿಕೊಳ್ಳಲು ಪ್ರಯತ್ನ ಮಾಡಬಹುದು. ಪ್ರತಿ ಕಟ್ಟಡವನ್ನೂ ಎಂಜಿನಿಯರುಗಳು ಪರೀಕ್ಷೆ ಮಾಡಿಯೇ ಹೇಳಬೇಕು. ದೂರದಿಂದ ನೋಡಿ ಹೇಳುವ ಮಾತಲ್ಲ.

ನೆಲದಡಿಯ ಪೈಪು, ಚರಂಡಿ, ಕರೆಂಟಿನ ಕೇಬಲ್ಲು ಎಲ್ಲವೂ ಹೊಸದಾಗಿ ಬೇಕು. ಖಾಲಿ ದಂಡೆಯಲ್ಲಿ ಈಗ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮತ್ತೆ ದಂಡೆಗೆ ಅಂಟಿಕೊಂಡು ಹತ್ತು ಮಹಡಿ ಹೋಟೆಲ್ ಸಾಲು ಕಟ್ಟುವುದು ಬೇಡ ಎಂದು ನನಗೆ ಅನಿಸುತ್ತದೆ. 1974ರಲ್ಲೇ ಮಧ್ಯಾಹ್ನ ಆದರೆ ಹೋಟೆಲ್‌ಗಳ ನೆರಳು ದಂಡೆಯ ಮೇಲೆ ಬೀಳುತ್ತಿತ್ತು.

ಆ ಜಾಗದ ಯಜಮಾನರು ಯಾರು?

ಹೆಚ್ಚಿನ ಜಾಗಕ್ಕೆ ಗ್ರೀಕ್ ಸೈಪ್ರಿಯಟ್ಟರ ಹೆಸರಲ್ಲಿ ನೋಂದಣಿ ಇದೆ. ದಾಖಲೆಗಳು ಸೈಪ್ರಸ್ ಸರ್ಕಾರದ ಭೂ ಕಚೇರಿಯಲ್ಲಿವೆ. ಊರು ಬಿಟ್ಟ ಮೇಲೂ ಫಾಮಗುಸ್ತಾದ ಪುರಸಭೆ ದಕ್ಷಿಣದಲ್ಲಿ ನಡೆಯುತ್ತಿದೆ, ಮೇಯರನ್ನು ಚುನಾಯಿಸುತ್ತಾರೆ. ಊರೇ ಕೈಯಲ್ಲಿಲ್ಲದ ಪುರಸಭೆ ಅದು.

ತುರ್ಕಿ ಸೈಪ್ರಿಯಟ್ಟರ ವಕ್ಫ್ ಸಂಸ್ಥೆಯಾದ ಎವ್‌ಕಾಫ್ ಬೇರೆ ಮಾತು ಹೇಳುತ್ತದೆ. ವರೋಶಾದ ಬಹುಪಾಲು ನೆಲ ಆಟೊಮನ್ ಕಾಲದ ವಕ್ಫ್ ಆಸ್ತಿ, ಬ್ರಿಟಿಷರ ಕಾಲದಲ್ಲಿ ಅನ್ಯಾಯವಾಗಿ ಕೈಬಿಟ್ಟಿತು ಎಂಬುದು ಅದರ ವಾದ. ಇದಕ್ಕೆ ಎದುರು ಪಕ್ಷದ ಉತ್ತರ ಹೀಗಿದೆ: 1960ರಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಬ್ರಿಟನ್ ತುರ್ಕಿ ಸೈಪ್ರಿಯಟ್ ಸಮುದಾಯಕ್ಕೆ 15 ಲಕ್ಷ ಪೌಂಡ್ ಕೊಟ್ಟು ಇಂಥ ಹಕ್ಕುಗಳ ಲೆಕ್ಕ ಮುಗಿಸಿತ್ತು. ವಕ್ಫ್ ದಾಖಲೆಯ ಜಗಳ ಎಷ್ಟು ಉದ್ದ ಹೋಗಬಹುದು ಎಂದು ನಮಗೂ ಗೊತ್ತು. ವರೋಶಾದಲ್ಲಿ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಬದುಕಿದ ಜನರ ನೋಂದಾಯಿತ ಹಕ್ಕನ್ನು ಮೊದಲು ಎತ್ತಿಹಿಡಿಯಬೇಕು ಎಂಬುದು ನನ್ನ ನಿಲುವು.

ಪರಿಹಾರದ ಹಣ ಕೊಟ್ಟು ಮುಗಿಸಬಾರದಾ?

ಆ ದಾರಿ ಈಗಲೂ ತೆರೆದಿದೆ. 2005ರಲ್ಲಿ ವರೋಶಾದಲ್ಲಿ ಆಸ್ತಿ ಇದ್ದ ಮಹಿಳೆಯೊಬ್ಬರ ಕೇಸಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತುರ್ಕಿಯ ವಿರುದ್ಧ ತೀರ್ಪು ಕೊಟ್ಟಿತು. ಆಮೇಲೆ ಉತ್ತರದಲ್ಲಿ ಸ್ಥಿರಾಸ್ತಿ ಆಯೋಗ ಎಂಬುದು ಕೆಲಸ ಶುರು ಮಾಡಿತು. ಅದರ ಮುಂದೆ ಅರ್ಜಿ ಹಾಕಿದವರು ಆಸ್ತಿ ವಾಪಸ್ ಕೇಳಬಹುದು, ಬದಲಿ ಆಸ್ತಿ ಕೇಳಬಹುದು, ಇಲ್ಲವೇ ಹಣ ಕೇಳಬಹುದು. 2010ರಲ್ಲಿ ಅದೇ ನ್ಯಾಯಾಲಯ ಈ ಆಯೋಗವನ್ನು ಸರಿಯಾದ ದಾರಿ ಎಂದು ಒಪ್ಪಿಕೊಂಡಿತು.

ಆದರೂ ಎಷ್ಟೋ ಜನ ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಹೋದರೆ ಉತ್ತರದ ಆಡಳಿತವನ್ನು ಒಪ್ಪಿದ ಹಾಗಾಗುತ್ತದೆ ಎಂದು ಕೆಲವರಿಗೆ. ಅಜ್ಜನ ಮನೆ ಮಾರಿದ ಹಾಗಾಗುತ್ತದೆ ಎಂದು ಕೆಲವರಿಗೆ. ಹಣ ತೆಗೆದುಕೊಂಡವರನ್ನು ದೂರಬೇಡಿ. ಎಂಬತ್ತು ದಾಟಿದವರಿಗೆ ಕಾಯಿರಿ ಎಂದು ಹೇಳುವ ಹಕ್ಕು ನಮಗ್ಯಾರಿಗೂ ಇಲ್ಲ.

ಊರು ಮತ್ತೆ ಕಟ್ಟಿದರೆ ಬರುವ ಲಾಭವನ್ನು ಎರಡೂ ಸಮುದಾಯ "ಹಂಚಿಕೊಳ್ಳುವುದು" ಎಂದರೆ ನಿಜಕ್ಕೂ ಏನು? ಯಜಮಾನರಿಗೆ ಅವರ ಮನೆ ಕೊಟ್ಟರೆ ಸಾಕಲ್ಲ?

ಇದೇ ಮುಖ್ಯ ಪ್ರಶ್ನೆ. ಸ್ವಲ್ಪ ನಿಧಾನವಾಗಿ ನೋಡೋಣ.

ಮನೆ ಕೊಡುವುದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೇ ಆದರೆ ಏನಾಗುತ್ತದೆ ಯೋಚಿಸಿ. ಬೇಲಿಯ ದಕ್ಷಿಣಕ್ಕೆ ದೀಪ, ಹೋಟೆಲ್, ಯುರೋ ಹಣ. ಬೇಲಿಯ ಉತ್ತರಕ್ಕೆ, ಕೋಟೆಯ ಸುತ್ತ ಇರುವ ತುರ್ಕಿ ಸೈಪ್ರಿಯಟ್ಟರಿಗೆ ಲೋಕ ಒಪ್ಪದ ಬಂದರು, ಲೋಕ ಒಪ್ಪದ ಸರ್ಕಾರ. 1983ರಲ್ಲಿ ಘೋಷಣೆಯಾದ ಉತ್ತರದ ಆ ದೇಶವನ್ನು ತುರ್ಕಿ ಬಿಟ್ಟು ಬೇರೆ ಯಾರೂ ಮಾನ್ಯ ಮಾಡಿಲ್ಲ. 1974ರ ನಂತರ ಫಾಮಗುಸ್ತಾ ಬಂದರನ್ನು ಸೈಪ್ರಸ್ ಸರ್ಕಾರ ಮುಚ್ಚಿದ ಬಂದರು ಎಂದು ಘೋಷಿಸಿತು. ವ್ಯಾಪಾರ ದಕ್ಷಿಣದ ಲಿಮಸೋಲ್‌ಗೆ ಹೋಯಿತು. ಪ್ರವಾಸಿಗಳು ಅದೇ ದಕ್ಷಿಣದ ಆಯಿಯಾ ನಾಪಾ, ಪ್ರೊತಾರಾಸ್ ಎಂಬ ಕಡಲೂರುಗಳ ಕಡೆ ಹೋದರು. ಕೋಟೆಯೊಳಗಿನ ಊರು ಈಗ ಬಹುಮಟ್ಟಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಯುತ್ತಿದೆ. ಪಕ್ಕದ ಊರು ಬೆಳಗುವುದನ್ನು ಕತ್ತಲಲ್ಲಿ ಕೂತು ನೋಡಿ ಎಂದರೆ ಅದು ಹೊಸ ಬೇಲಿ.

ಹಾಗಾಗಿ ವರ್ಷಗಳಿಂದ ಒಂದು ಯೋಚನೆ ಓಡಾಡುತ್ತಿದೆ. ವರೋಶಾವನ್ನು ವಿಶ್ವಸಂಸ್ಥೆಗೆ ಒಪ್ಪಿಸಿ, ಯಜಮಾನರು ವಾಪಸ್ ಬರಲಿ. ಅದೇ ದಿನ ಫಾಮಗುಸ್ತಾ ಬಂದರು ಯುರೋಪಿಯನ್ ಒಕ್ಕೂಟದ ಮೇಲ್ವಿಚಾರಣೆಯಲ್ಲಿ ತೆರೆಯಲಿ, ತುರ್ಕಿ ಸೈಪ್ರಿಯಟ್ಟರ ಕಿತ್ತಳೆ, ಚೀಸು ನೇರವಾಗಿ ಯುರೋಪಿಗೆ ಹೋಗಲಿ. 1990ರ ದಶಕದಲ್ಲಿ ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬೂಟ್ರೋಸ್ ಘಾಲಿ ಅವರ ಕಾಲದಲ್ಲಿ ವರೋಶಾ ಮತ್ತು ರಾಜಧಾನಿ ನಿಕೋಸಿಯಾದ ವಿಮಾನ ನಿಲ್ದಾಣ ಸೇರಿಸಿ ಇಂಥದ್ದೇ ಒಂದು ಪ್ರಸ್ತಾಪ ಬಂದಿತ್ತು. 2022ರಲ್ಲಿ ಸೈಪ್ರಸ್ ಸರ್ಕಾರವೂ ವರೋಶಾ, ಬಂದರು, ಉತ್ತರದ ವಿಮಾನ ನಿಲ್ದಾಣ ಸೇರಿಸಿ ಪ್ರಸ್ತಾಪ ಇಟ್ಟಿತು. ನನಗೆ ಸರಿ ಕಾಣುವುದು ಈ ದಾರಿಯೇ. ಒಬ್ಬರು ಕೊಡುವ ಹೊತ್ತಿಗೇ ಇನ್ನೊಬ್ಬರೂ ಕೊಡಬೇಕು. ಆಮೇಲೆ ಕೊಡುತ್ತೇವೆ ಎಂಬ ಮಾತನ್ನು ಆ ದ್ವೀಪದಲ್ಲಿ ಈಗ ಯಾರೂ ನಂಬುವುದಿಲ್ಲ.

ಇನ್ನು ಕಟ್ಟುವ ಕೆಲಸ. ವರ್ಷಗಟ್ಟಲೆ ನಡೆಯುವ ಕೆಲಸ ಅದು. ಗಾರೆಯವರು, ಎಲೆಕ್ಟ್ರಿಷಿಯನ್ನರು, ಲಾರಿಯವರು, ಎಂಜಿನಿಯರುಗಳು ಎರಡೂ ಕಡೆಯಿಂದ ಬೇಕು. ಟೆಂಡರಿನಲ್ಲೇ ಈ ಷರತ್ತು ಬರೆಯಬೇಕು. ಊರು ಎದ್ದ ಮೇಲೆ ಬರುವ ಹೋಟೆಲ್ ತೆರಿಗೆ, ಆಸ್ತಿ ತೆರಿಗೆಯ ಒಂದು ಪಾಲು ಇಡೀ ಫಾಮಗುಸ್ತಾದ ಒಂದೇ ಡಬ್ಬಿಗೆ ಬೀಳಬೇಕು. ಆ ಹಣದಿಂದ ವರೋಶಾದ ರಸ್ತೆಯೂ ಆಗಬೇಕು, ಕೋಟೆಯೊಳಗಿನ ಬೀದಿಯೂ ಆಗಬೇಕು.

ಇನ್ನೊಂದು ಭಯ ನನಗಿದೆ. ದಣಿದ ವಾರಸುದಾರರಿಂದ ಹೊರಗಿನ ದೊಡ್ಡ ಹಣದವರು ಕಡಿಮೆ ಬೆಲೆಗೆ ಜಾಗ ಕೊಂಡುಬಿಟ್ಟರೆ? ಒಂದು ಜಾಗಕ್ಕೆ ಈಗ ಹತ್ತು ಹದಿನೈದು ಮೊಮ್ಮಕ್ಕಳು ಹಕ್ಕುದಾರರು. ಒಬ್ಬರು ಸಿಡ್ನಿಯಲ್ಲಿ, ಒಬ್ಬರು ಲಂಡನ್ನಿನಲ್ಲಿ. ಮೊದಲ ಕೆಲವು ವರ್ಷ ಮಾರಾಟ ನಿಲ್ಲಿಸಿ, ಗುತ್ತಿಗೆಗೆ ಮಾತ್ರ ಕೊಡುವ ನಿಯಮ ಬಂದರೆ ಒಳ್ಳೆಯದು. ಹಕ್ಕೂ ಉಳಿಯುತ್ತದೆ, ಜಾಗವೂ ಸುಮ್ನೆ ಬೀಳುವುದಿಲ್ಲ.

ಮತ್ತೆ, ಲಿಮಸೋಲ್, ಲಾರ್ನಕಾ, ಪಾಫೊಸ್‌ನಲ್ಲಿ ತುರ್ಕಿ ಸೈಪ್ರಿಯಟ್ಟರು ಬಿಟ್ಟು ಹೋದ ಮನೆಗಳಿವೆ. ಅವನ್ನು ಸೈಪ್ರಸ್ ಸರ್ಕಾರದ ಗೃಹ ಸಚಿವಾಲಯ ಪಾಲಕನಾಗಿ ನೋಡಿಕೊಳ್ಳುತ್ತಿದೆ. ವರೋಶಾದ ಕೀಲಿಯ ಮಾತು ಬಂದ ಕಡೆ ಈ ಕೀಲಿಗಳ ಮಾತೂ ಬರಬೇಕು.

ಇಬ್ಬರೂ ಸೇರಿ ಕೆಲಸ ಮಾಡಿದ್ದು ಎಂದಾದರೂ ಇದೆಯಾ? ಇದೆಲ್ಲ ಕನಸಲ್ವಾ?

ಇದೆ. ಅದೂ ಚರಂಡಿಯಲ್ಲಿ. ರಾಜಧಾನಿ ನಿಕೋಸಿಯಾ 1974ರಲ್ಲಿ ಎರಡಾಯಿತು. ಹೊಸ ಒಳಚರಂಡಿಯ ಕೆಲಸ ಆಗ ಅರ್ಧಕ್ಕೆ ನಿಂತಿತ್ತು. ಪೈಪುಗಳ ದೊಡ್ಡ ಭಾಗ ದಕ್ಷಿಣದಲ್ಲಿ, ಶುದ್ಧೀಕರಣ ಘಟಕದ ಜಾಗ ಉತ್ತರದಲ್ಲಿ. ಗ್ರೀಕ್ ಕಡೆಯ ಮೇಯರ್ ಲೆಲ್ಲೊಸ್ ದೆಮೆತ್ರಿಯಾದಿಸ್, ತುರ್ಕಿ ಕಡೆಯ ಮೇಯರ್ ಮುಸ್ತಫಾ ಅಕಿಂಜಿ. ಯುದ್ಧ ಮುಗಿದು ನಾಲ್ಕೇ ವರ್ಷ ಆಗಿತ್ತು. ಇಬ್ಬರೂ ಭೇಟಿಯಾಗಿ, ಗಡಿ ಏನೇ ಇರಲಿ, ಹೊಲಸು ನೀರು ಒಂದೇ ಕಡೆ ಹೋಗಲಿ ಎಂದು ಒಪ್ಪಿಕೊಂಡರು. ದಕ್ಷಿಣದ ಮನೆಗಳ ನೀರು ಸೈನ್ಯಗಳ ಕೆಳಗೆ ಹರಿದು ಉತ್ತರಕ್ಕೆ ಹೋಗತೊಡಗಿತು. ಇವತ್ತಿಗೂ ಹೋಗುತ್ತಿದೆ. ಅದೇ ಸ್ನೇಹದಿಂದ ಇಡೀ ನಗರಕ್ಕೆ ಒಂದು ಮಾಸ್ಟರ್ ಪ್ಲಾನ್ ಬಂತು. ಗೋಡೆಯೊಳಗಿನ ಹಳೇ ನಗರವನ್ನು ಎರಡೂ ಕಡೆ ರಿಪೇರಿ ಮಾಡಿದರು. 2007ರಲ್ಲಿ ಆ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅಕಿಂಜಿ ಮುಂದೆ 2015ರಿಂದ 2020ರವರೆಗೆ ತುರ್ಕಿ ಸೈಪ್ರಿಯಟ್ಟರ ನಾಯಕರೂ ಆದರು.

ಫಾಮಗುಸ್ತಾದಲ್ಲೇ ಇನ್ನೊಂದು ನೋಡಿ. ಕೋಟೆಯ ಒಥೆಲ್ಲೊ ಗೋಪುರ ಬೀಳುವ ಸ್ಥಿತಿಗೆ ಬಂದಿತ್ತು. ಎರಡೂ ಸಮುದಾಯದ ಪರಂಪರೆ ಸಮಿತಿ ಅದನ್ನು ಕೈಗೆತ್ತಿಕೊಂಡಿತು. ಹಣ ಯುರೋಪಿಯನ್ ಒಕ್ಕೂಟದ್ದು. 2015ರಲ್ಲಿ ಗೋಪುರ ಮತ್ತೆ ತೆರೆಯಿತು.

2011ರ ಜುಲೈನಲ್ಲಿ ದಕ್ಷಿಣದ ನೌಕಾನೆಲೆಯೊಂದರಲ್ಲಿ ಸ್ಫೋಟವಾಗಿ ಪಕ್ಕದ ದೊಡ್ಡ ವಿದ್ಯುತ್ ಸ್ಥಾವರ ಹಾಳಾಯಿತು. ಆಗ ಉತ್ತರದಿಂದ ಕರೆಂಟು ಕೊಂಡರು. ಹಲ್ಲೂಮಿ ಚೀಸಿನ ಕಥೆಯೂ ಇದೆ. ಗ್ರೀಕರಿಗೆ ಹಲ್ಲೂಮಿ, ತುರ್ಕರಿಗೆ ಹೆಲ್ಲಿಮ್, ಪದಾರ್ಥ ಒಂದೇ. ನಮ್ಮ ಮೈಸೂರು ಮಲ್ಲಿಗೆಗೆ ಸಿಕ್ಕಂಥ ಊರಿನ ಗುರುತನ್ನು 2021ರಲ್ಲಿ ಯುರೋಪು ಆ ಚೀಸಿಗೆ ಕೊಟ್ಟಿತು, ಎರಡೂ ಹೆಸರಲ್ಲಿ. ಆ ಗುರುತಿನ ಹಕ್ಕು ಇಡೀ ದ್ವೀಪದ್ದು.

ನೀರು ಎಲ್ಲಿಂದ ಬರಬೇಕು?

ಒಳ್ಳೆಯ ಪ್ರಶ್ನೆ, ಕಡಿಮೆ ಜನ ಕೇಳುತ್ತಾರೆ. ಫಾಮಗುಸ್ತಾದ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಂದ ಅತಿಯಾಗಿ ನೀರೆತ್ತಿ, 1974ಕ್ಕೆ ಮೊದಲೇ ಕಡಲ ನೀರು ನೆಲದೊಳಗೆ ನುಗ್ಗಿತ್ತು. ಕಿತ್ತಳೆ ತೋಟಗಳು ಒಣಗತೊಡಗಿದ್ದವು. ಈಗ ದಕ್ಷಿಣ ಬಹುಮಟ್ಟಿಗೆ ಕಡಲ ನೀರನ್ನು ಸಿಹಿ ಮಾಡಿ ಕುಡಿಯುತ್ತದೆ. ಉತ್ತರಕ್ಕೆ 2015ರಿಂದ ತುರ್ಕಿಯಿಂದ ಕಡಲಡಿಯ ಪೈಪಿನಲ್ಲಿ ವರ್ಷಕ್ಕೆ 7.5 ಕೋಟಿ ಘನ ಮೀಟರ್ ನೀರು ತರುವ ಯೋಜನೆ ಇದೆ. ಹೊಸ ಊರು ಎರಡು ಕಡೆಯ ನೀರನ್ನೂ ನಂಬಬೇಕಾಗಬಹುದು. ಬಳಸಿದ ನೀರನ್ನು ಶುದ್ಧ ಮಾಡಿ ತೋಟಕ್ಕೆ ಬಿಡುವುದನ್ನು ಮೊದಲ ದಿನದಿಂದಲೇ ಯೋಜನೆಯಲ್ಲಿ ಸೇರಿಸಬೇಕು. ಕಾವೇರಿಯ ಜಗಳ ನೋಡಿದ ನಮಗೆ ಒಂದು ವಿಷಯ ಗೊತ್ತು: ನೀರಿನ ಪಾಲನ್ನು ಮೊದಲೇ ಬರೆದಿಡದಿದ್ದರೆ ಆಮೇಲೆ ಬರೆಯುವುದು ಬಹಳ ಕಷ್ಟ.

"ಇಕೋಸಿಟಿ" ಎಂದು ಕೇಳಿದ್ದೇನೆ, ಅದೇನು?

ವರೋಶಾ ಬಿಟ್ಟು ಓಡಿದ ತಾಯಿಯ ಮಗಳು ವಾಸಿಯಾ ಮಾರ್ಕಿಡೆಸ್. ಬೇಲಿಯ ಪಕ್ಕದಲ್ಲೇ ಬೆಳೆದ ತುರ್ಕಿ ಸೈಪ್ರಿಯಟ್ ವಾಸ್ತುಶಿಲ್ಪಿ ಜೆರೆನ್ ಬೋಆಚ್. ಇವರಂಥವರು ಸೇರಿ, ಇಡೀ ಫಾಮಗುಸ್ತಾವನ್ನು ಪರಿಸರಕ್ಕೆ ಹೊಂದುವ ಒಂದೇ ಊರಾಗಿ ಕಟ್ಟೋಣ ಎಂದು 2014ರ ಸುಮಾರಿಗೆ ಶುರು ಮಾಡಿದ ಪ್ರಯತ್ನ ಅದು. ಎರಡೂ ಕಡೆಯ ಜನರನ್ನು ಒಂದೇ ಮೇಜಿನ ಸುತ್ತ ಕೂರಿಸಿ ನಕ್ಷೆ ಬರೆಸಿದರು. ಕಟ್ಟಲು ಅನುಮತಿ ಸಿಗಲಿಲ್ಲ, ಆದರೆ ಇಡೀ ಊರನ್ನು ಒಂದಾಗಿ ನೋಡುವ ಅಭ್ಯಾಸ ಅಲ್ಲಿ ಬೆಳೆಯಿತು.

ಇಷ್ಟು ವರ್ಷ ಆದ ಮೇಲೆ ಯಾರು ವಾಪಸ್ ಹೋಗುತ್ತಾರೆ?

ಎಲ್ಲರೂ ಹೋಗುವುದಿಲ್ಲ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಕೆಲಸ, ಮಕ್ಕಳು, ಆಸ್ಪತ್ರೆ ಎಲ್ಲ ಲಿಮಸೋಲ್‌ನಲ್ಲೊ ಲಂಡನ್ನಿನಲ್ಲೊ ಇದೆ. ಹಬ್ಬಕ್ಕೆ, ಬೇಸಿಗೆಗೆ ಬಂದು ಹೋಗುವವರು ಇರುತ್ತಾರೆ. ಪೂರ್ತಿ ಬಂದು ನೆಲೆಸುವವರೂ ಇರುತ್ತಾರೆ. ವಾಪಸ್ ಹೋಗುವ ಹಕ್ಕು ಇರುವುದು ಬೇರೆ, ಹೋಗಲೇಬೇಕು ಎಂಬುದು ಬೇರೆ. ಹಕ್ಕು ಎಲ್ಲರಿಗೂ ಇರಬೇಕು.

ಕರ್ನಾಟಕಕ್ಕೂ ಸೈಪ್ರಸ್ಸಿಗೂ ಏನು ನಂಟು?

ಜನರಲ್ ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ, 1964ರಲ್ಲಿ ಸೈಪ್ರಸ್ಸಿನ ಶಾಂತಿಪಡೆಯ ದಂಡನಾಯಕರಾಗಿ ಹೋದರು. ಕೆಲಸದಲ್ಲಿ ಇರುವಾಗಲೇ, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಸೈಪ್ರಸ್ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾದಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯಲ್ಲಿ ಅವರು ಹುಟ್ಟಿದ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ. ಪಡೆಯ ಮೊದಲ ದಂಡನಾಯಕ ಪಿ. ಎಸ್. ಗ್ಯಾನಿ, 1974ರ ಯುದ್ಧದ ಹೊತ್ತಿಗೆ ದಂಡನಾಯಕರಾಗಿದ್ದ ದಿವಾನ್ ಪ್ರೇಮ್ ಚಂದ್, ಇಬ್ಬರೂ ಭಾರತೀಯರೇ.

ನಾವು ಹೋಗಿ ನೋಡಬಹುದಾ?

ಹೋಗಬಹುದು. ಲಾರ್ನಕಾ ಅಥವಾ ಪಾಫೊಸ್ ವಿಮಾನ ನಿಲ್ದಾಣದಿಂದ ಸೈಪ್ರಸ್ ವೀಸಾ ಇಟ್ಟುಕೊಂಡು ಒಳಗೆ ಬನ್ನಿ. ಉತ್ತರದ ಎರ್ಜಾನ್ ನಿಲ್ದಾಣದಿಂದ ಬಂದರೆ ದಕ್ಷಿಣದ ಸರ್ಕಾರ ಅದನ್ನು ಕಾನೂನುಬಾಹಿರ ಎನ್ನುತ್ತದೆ. 2018ರ ನವೆಂಬರಿನಲ್ಲಿ ತೆರೆದ ದೆರಿನಿಯಾ ದಾಟುದಾರಿ ವರೋಶಾಕ್ಕೆ ಹತ್ತಿರ. ಹೊರಡುವ ಮೊದಲು ನಿಯಮಗಳನ್ನು ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಬೇಲಿಯೊಳಗೆ ಹೋದರೆ ದನಿ ತಗ್ಗಿಸಿ ನಡೆಯಿರಿ. ನಿಮ್ಮ ಪಕ್ಕ ನಿಂತು ಒಂದು ಬಾಲ್ಕನಿಯನ್ನೇ ನೋಡುತ್ತಿರುವವರು ಆ ಮನೆಯವರಿರಬಹುದು.

ಈಗ ವಿಷಯ ಎಲ್ಲಿಗೆ ಬಂದಿದೆ?

2025ರ ಅಕ್ಟೋಬರಿನಲ್ಲಿ ತುರ್ಕಿ ಸೈಪ್ರಿಯಟ್ಟರು ತುಫಾನ್ ಎರ್ಹುರ್ಮಾನ್ ಅವರನ್ನು ದೊಡ್ಡ ಅಂತರದಲ್ಲಿ ನಾಯಕರಾಗಿ ಆರಿಸಿದರು. ಹಿಂದಿನ ನಾಯಕರು ಎರಡು ಬೇರೆ ದೇಶ ಎನ್ನುತ್ತಿದ್ದರು. ಇವರು ಎರಡೂ ಸಮುದಾಯ ಸೇರಿದ ಒಂದೇ ಒಕ್ಕೂಟ ದೇಶದ ಮಾತಾಡುತ್ತಾರೆ. ಮಾತುಕತೆಯ ಬಾಗಿಲು ಮತ್ತೆ ಸ್ವಲ್ಪ ತೆರೆದಿದೆ. ತುರ್ಕಿಯ ರಾಜಧಾನಿ ಅಂಕಾರಾದ ಒಪ್ಪಿಗೆ ಇಲ್ಲದೆ ಸೈನ್ಯ ಬೇಲಿ ತೆಗೆಯುವುದಿಲ್ಲ ಎಂಬುದೂ ಅಷ್ಟೇ ನಿಜ.

ನಾಳೆಯೇ ಒಪ್ಪಂದ ಆದರೆ ಮೊದಲ ದಿನ ಏನು ಮಾಡಬೇಕು?

ಹೋಟೆಲಿಗೆ ಅಡಿಗಲ್ಲು ಬೇಡ. ಮೊದಲು ಎರಡೂ ಕಡೆಯ ಎಂಜಿನಿಯರುಗಳು ಒಳಗೆ ಹೋಗಿ ಬೀಳುವ ಕಟ್ಟಡಗಳಿಗೆ ಕೆಂಪು ಗುರುತು ಹಾಕಲಿ. ಸುರಕ್ಷಿತ ದಾರಿ ಗುರುತಿಸಲಿ. ಆಮೇಲೆ ಮನೆಯವರನ್ನು ಬೀದಿ ಬೀದಿ ಪ್ರಕಾರ ಕರೆಯಲಿ, ವಯಸ್ಸಾದವರನ್ನು ಮೊದಲು. ಕೆಡವುವ ಮುಂಚೆ ಅವರು ಒಮ್ಮೆ ಒಳಗೆ ಹೋಗಿ ಬರಲಿ. ಗೋಡೆಯ ಮೇಲೆ ಉಳಿದ ಒಂದು ಚೌಕಟ್ಟೋ, ಅಡುಗೆಮನೆಯ ಒಂದು ಹಂಚೋ, ಏನು ಸಿಕ್ಕರೆ ಅದನ್ನು ತೆಗೆದುಕೊಳ್ಳಲಿ. ಕೋಟೆಯೊಳಗಿನ ನೆರೆಯವರು ಅವತ್ತು ಗೇಟಿನ ಹತ್ತಿರ ಕುರ್ಚಿ ಹಾಕಿ ಕಾಫಿ ಕಾಯಿಸಿ ಇಟ್ಟಿರಲಿ. ಆ ಕಾಫಿಯನ್ನು ಗ್ರೀಕ್ ಕಾಫಿ ಎಂದು ಒಬ್ಬರು, ತುರ್ಕಿ ಕಾಫಿ ಎಂದು ಇನ್ನೊಬ್ಬರು ಕರೆಯುತ್ತಾರೆ, ಕಾಯಿಸುವುದು ಒಂದೇ ಥರ. ಮಧ್ಯಾಹ್ನದ ಮೇಲೆ ಚರಂಡಿಯ ನಕ್ಷೆ ಬಿಚ್ಚಲಿ.